ದಾಸೋಹದ ಗಾಡಿ

ನಾನು ಸುಳ್ಳು ಹೇಳುವುದರಲ್ಲಿ ಅಂಥ ಜಾಣನೇನಲ್ಲ. ಲಾರಿಗೆ ಬಾಡಿ ಕಟ್ಟುವವನು ಗಿರಾಕಿಗೆ ‘ನಾಳೆ ಸಂಜೆ ಒಯ್ಯಿರಿ’ ಎನ್ನುವುದನ್ನು ಸುಳ್ಳೆಂದು ಹಿಡಿಯಬಾರದು. ಅದು ಕಸುಬಿನ ಮಾತು, ಗಿರಾಕಿಗೂ ಗೊತ್ತಿರುತ್ತದೆ. ಅದನ್ನು ಬಿಟ್ಟರೆ ನಾನು ಹೇಳಿದ ದೊಡ್ಡ ಸುಳ್ಳು ಒಂದೇ. ಹೇಳಿದ್ದು ಅಪ್ಪನಿಗೆ. ಹೇಳಲು ಅರ್ಧ ನಿಮಿಷ ಹಿಡಿಯಿತು. ಹಿಂದಕ್ಕೆ ತೆಗೆದುಕೊಳ್ಳಲು ಏಳು ವರ್ಷ ಸಿಕ್ಕಿತ್ತು, ತೆಗೆದುಕೊಳ್ಳಲಿಲ್ಲ.

ಹುಮನಾಬಾದಿನಲ್ಲಿ ಹೆದ್ದಾರಿ ಬದಿಗೆ ನಮ್ಮ ಕಾರ್ಖಾನೆ. ಕಾರ್ಖಾನೆ ಎಂದರೆ ಒಂದು ತಗಡಿನ ಶೆಡ್ಡು, ಎರಡು ವೆಲ್ಡಿಂಗ್ ಮಶೀನು, ಮುಂದೊಂದು ಬೇವಿನ ಮರ. ಅಪ್ಪ ಶಂಕರಲಿಂಗ ಅದನ್ನು ಎತ್ತಿನ ಬಂಡಿ ರಿಪೇರಿಯಿಂದ ಶುರುಮಾಡಿ ಲಾರಿ ಬಾಡಿಯವರೆಗೆ ತಂದವನು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದು ಹಲಗೆ ನಯ ಮಾಡಲು ರಂದಾ ಹಿಡಿದು ನಿಂತನೆಂದರೆ ಅದೂ ಅವನಿಗೆ ಪೂಜೆಯೇ. ಆದರೆ ಅವನದೊಂದು ನೇಮವಿತ್ತು. ಕೊಲ್ಲುವ ಕೆಲಸಕ್ಕೆ ಹೋಗುವ ಯಾವುದನ್ನೂ ಕಟ್ಟುತ್ತಿರಲಿಲ್ಲ. ಹೈದರಾಬಾದಿಗೆ ಕುರಿ ಸಾಗಿಸುವ ಎರಡಂತಸ್ತಿನ ಲಾರಿಗಳು ಆ ರಸ್ತೆಯಲ್ಲಿ ಬೇಕಾದಷ್ಟು. ಅವರೆಲ್ಲ ನಮ್ಮ ಬಾಗಿಲಿಗೆ ಬಂದು, ಅಪ್ಪ ಕೊಟ್ಟ ನೀರು ಕುಡಿದು, ಎದುರಿಗಿದ್ದ ಇನ್ನೊಂದು ಬಾಡಿ ಕಟ್ಟುವ ಅಂಗಡಿಗೆ ಹೋಗುತ್ತಿದ್ದರು. ನಾನು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ.

ತೊಂಬತ್ತೇಳರ ದೀಪಾವಳಿ ಮುಗಿದ ವಾರ ಕಲ್ಲುಗಣಿಯ ಮಾಲಕರು ತುಳಜಾರಾಮ ಬಂದರು. ಅವರ ಜೀಪಿನ ಹಿಂದೆ ಒಂದು ಗಾಲಿ ಮನೆ ಜೋತುಬಿದ್ದಿತ್ತು. ಯಾವುದೋ ಸರ್ವೆ ಕ್ಯಾಂಪಿನ ಎಂಜಿನಿಯರುಗಳು ಬಯಲಲ್ಲಿ ಮಲಗಲು ಇಟ್ಟುಕೊಂಡಿದ್ದ ಟ್ರೇಲರು. ಗುಜರಿಗೆ ಬಿದ್ದದ್ದನ್ನು ಎಳೆದು ತಂದಿದ್ದರು. ನೆಲದ ಹಲಗೆ ಕೊಳೆತಿತ್ತು, ಕಪಾಟಿನಲ್ಲಿ ಕಣಜದ ಹುಳು ಗೂಡು ಕಟ್ಟಿದ್ದವು, ಒಳಗೆ ಯಾರದೋ ಕೋಳಿಗಳು ವರ್ಷಗಟ್ಟಲೆ ಸಂಸಾರ ಮಾಡಿದ ಗುರುತಿತ್ತು.

“ಇದನ್ನ ಜರಾ ಮನಷ್ಯಾರು ಇರೋ ಹಂಗ ಮಾಡಿಕೊಡ್ರಿ,” ಎಂದರು ತುಳಜಾರಾಮ. “ಕೊಡಂಬಲ ಕಡೆ ಗುಡ್ಡಕ್ಕ ಶಿಕಾರಿಗೆ ಹೋಗ್ತೀವ್ರಿ ನಾವು ನಾಕ್ ಮಂದಿ. ಕಾಡಹಂದಿ ಹೊಡಿಯಾಕ. ನೆಲದ ಮ್ಯಾಲ ಮಲಗಿ ಮಲಗಿ ಸೊಂಟ ಪೂರಾ ಹೋಗ್ಯಾದ.”

ಅವರಿಗೆ ಬೇಕಾದದ್ದು ಇಷ್ಟು: ನಾಲ್ಕು ಜನ ಮಲಗುವ ಹಲಗೆ, ಸ್ಟೋವಿಗೆ ಕಟ್ಟೆ, ಒಂದು ಇಡೀ ಹಂದಿಯ ಮಾಂಸ ಹಿಡಿಸುವಂಥ, ಐಸು ತುಂಬಿಡುವ ಬರ್ಫದ ಪೆಟ್ಟಿಗೆ, ಮಾಂಸ ತೂಗುಹಾಕಲು ಮೇಲೆ ಕೊಕ್ಕೆ, ಬಂದೂಕು ನಿಲ್ಲಿಸಲು ಗೋಡೆಗೆ ನಾಲ್ಕು ಗೂಡು, ರಕ್ತ ತೊಳೆದರೆ ನೀರು ತಾನಾಗಿ ಹರಿದುಹೋಗುವ ನೆಲ. ಕಾಯಿದೆ ಏನನ್ನುತ್ತದೆ ಎಂದು ನಾನು ಕೇಳಲಿಲ್ಲ. ಅಪ್ಪನ ನೇಮ ಏನನ್ನುತ್ತದೆ ಎಂಬುದು ಕೇಳದೆಯೇ ಗೊತ್ತಿತ್ತು.

ಒಲ್ಲೆ ಅನ್ನಬೇಕಿತ್ತು. ಆದರೆ ನನಗೆ ಆಸೆಯಾಯಿತು. ಹದಿನೈದು ವರ್ಷ ಒಂದೇ ಅಳತೆಯ ಲಾರಿ ಬಾಡಿ ಕಟ್ಟಿದ್ದೆ. ಅವುಗಳ ಒಳಗೆ ಕಬ್ಬು ತುಂಬುತ್ತಾರೆ, ಇಟ್ಟಿಗೆ ತುಂಬುತ್ತಾರೆ, ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಗಾಲಿಯ ಮೇಲೆ ಒಂದು ಮನೆ ಮಾಡುವುದೆಂದರೆ ನನ್ನ ಕೈ ಏನೆಂದು ಊರಿಗೆ ತೋರಿಸಿದಂತೆ. ಅಪ್ಪ ಕಣ್ಣಿಗೆ ಪೊರೆ ಬಂದು ಎರಡು ವರ್ಷದಿಂದ ಕಾರ್ಖಾನೆಗೆ ಬಂದಿರಲಿಲ್ಲ. ಬಾರದವನಿಗೆ ಏನು ಗೊತ್ತಾಗುತ್ತದೆ ಎಂದುಕೊಂಡು ಹೂಂ ಅಂದೆ.

ಮರೆತದ್ದೇನೆಂದರೆ, ಅಪ್ಪನ ಕಣ್ಣಿನ ಆಪರೇಶನ್ ಆಗಿ ತಿಂಗಳು ತುಂಬಿತ್ತು. ಮೂರನೇ ದಿನ ಬೆಳಿಗ್ಗೆ, ಆಸ್ಪತ್ರೆಯ ಕರಿ ಕನ್ನಡಕ ಹಾಕಿಕೊಂಡು, ಕೋಲಿಲ್ಲದೆ ನಡೆದು ಬಂದ. ಬಂದವನೇ ಟ್ರೇಲರಿನ ಸುತ್ತ ಒಂದು ಸುತ್ತು ಹಾಕಿ, ತಗಡನ್ನು ಬೆರಳಿನಿಂದ ತಟ್ಟಿದ.

“ಯಾರದೋ ಕುಮಾರ ಇದು? ಯಾತಕ್ಕ ಮಾಡಾಕತ್ತೀದಿ?”

ಒಳಗೆ ವೆಲ್ಡಿಂಗ್ ಮಾಡುತ್ತಿದ್ದ ಮೊಹಿನುದ್ದೀನ್ ಚಾಚಾ ಕೆಲಸ ನಿಲ್ಲಿಸಿದರು. ಚಾಚಾ ಅಪ್ಪನ ಕಾಲದಿಂದ ನಮ್ಮಲ್ಲೇ ಇದ್ದವರು, ನಾನು ಏನು ಹೇಳುತ್ತೇನೆಂದು ಕಿವಿಗೊಟ್ಟದ್ದು ನನಗೆ ತಿಳಿಯಿತು. ನಾನು ಅಪ್ಪನ ಹಣೆಯ ವಿಭೂತಿ ನೋಡಿದೆ, ಮಾತು ಬಂದುಬಿಟ್ಟಿತು.

“ತುಳಜಾರಾಮ ಅವರದ್ರಿ ಅಪ್ಪಾ. ದಾಸೋಹಕ್ಕಂತ. ಬಸವಕಲ್ಯಾಣಕ್ಕ ಪಾದಯಾತ್ರಿ ಹೋಗ್ತಾರಲ್ಲ, ಆ ಮಂದಿಗೆ ದಾರಿ ಮ್ಯಾಲ ಉಣ್ಣಾಕ ನೀಡಾಕ.”

‘ಛಲೋ ಆತು’ ಅಂದು ಮನೆಗೆ ಹೋಗುತ್ತಾನೆ ಎಂದುಕೊಂಡಿದ್ದೆ. ಅಪ್ಪ ಕರಿ ಕನ್ನಡಕ ತೆಗೆದ. ಅಂಗಿ ಬಿಚ್ಚಿ ಮೊಳೆಗೆ ಹಾಕಿದ. “ನನ್ನ ರಂದಾ ಎಲ್ಲಿ ಇಟ್ಟೀದಿ?” ಎಂದ.

ಅಲ್ಲಿಂದ ಮೂರು ತಿಂಗಳು ನನಗೆ ಅನ್ನ ಸೇರಲಿಲ್ಲ. ಅಪ್ಪ ದಿನಾ ಬರುತ್ತಿದ್ದ, ನನಗಿಂತ ಮೊದಲು. ದಾಸೋಹದ ಕೆಲಸವೆಂದು ಕಾರ್ಖಾನೆಯ ಚಹಾ ಸಹ ಮುಟ್ಟುತ್ತಿರಲಿಲ್ಲ. ಬಾಗಿಲು ಮಾಡಿಸಲೆಂದು ವರ್ಷಗಳಿಂದ ಮನೆಯಲ್ಲಿ ಕಾದಿಟ್ಟಿದ್ದ ಸಾಗವಾನಿ ಹಲಗೆಗಳನ್ನು ಹೊತ್ತು ತಂದು ಕಪಾಟಿಗೆ ಹಾಕಿದ. ಕೊಕ್ಕೆಗಳನ್ನು ನೋಡಿ, ಇವು ಯಾಕ ಎಂದು ಕೇಳಿದ. ಹುಟ್ಟು ಸೌಟು ತೂಗುಹಾಕಲು ಎಂದೆ. “ನೀಡೋ ಹೆಣ್ಮಕ್ಕಳ ಕೈಗೆ ತರಚ್ತದಲ್ಲೋ,” ಎಂದು ಕಾನಸ ತೆಗೆದುಕೊಂಡು ಒಂದೊಂದು ಕೊಕ್ಕೆಯ ಮೂತಿಯನ್ನೂ ಉಜ್ಜಿ ಉಜ್ಜಿ ಗುಂಡಗೆ ಮಾಡಿದ. ಬಂದೂಕಿನ ಗೂಡು ಪಾದಯಾತ್ರೆಯ ಧ್ವಜದ ಕೋಲಿಗೆ ಎಂದು ಹೇಳಿದೆ. ಬರ್ಫದ ಪೆಟ್ಟಿಗೆ ಮಜ್ಜಿಗೆಗೆ ಎಂದೆ. ನೆಲದ ತೂತು ಅಕ್ಕಿ ತೊಳೆದ ನೀರಿಗೆ ಎಂದೆ. ಅಪ್ಪ ಮೂರು ಸಲ ನೆಲ ಬಿಚ್ಚಿ ಹಾಕಿ ಇಳಿಜಾರು ಸರಿಮಾಡಿದ. ಒಂದು ತಂಬಿಗೆ ನೀರು ಮೂಲೆಗೆ ಸುರಿದು, ಅದು ಒಂದು ಹನಿಯೂ ನಿಲ್ಲದೆ ತೂತಿನತ್ತ ಹೋಗುವುದನ್ನು ಕುಕ್ಕರಗಾಲಲ್ಲಿ ಕುಳಿತು ನೋಡುತ್ತಿದ್ದ. ಆಗ ಅವನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

“ಅಪ್ಪಾರಿಗೆ ಇನ್ನೂ ಹೇಳಿಲ್ಲೇನ್ರಿ ಮಾಲಕ್ರ?” ಎಂದು ಚಾಚಾ ಅಪ್ಪ ಊಟಕ್ಕೆ ಹೋದಾಗಲೆಲ್ಲ ಕೇಳುತ್ತಿದ್ದರು.

“ಹೇಳ್ತೀನಿ ಚಾಚಾ. ಇವತ್ತ ಹೇಳ್ತೀನಿ.”

“ಹಂದಿ ಇಡೋ ಪೆಟಗಿ ಅಂತ ನನಗ ಗೊತ್ತದ, ಆದ್ರೂ ಮಾಡಾಕತ್ತೀನಿ. ಹೊಟ್ಟಿಪಾಡು, ಅಲ್ಲಾಗ ನಾ ಜವಾಬ ಕೊಡ್ತೀನಿ. ಅವ್ರಿಗೆ ಗೊತ್ತಿಲ್ಲದ ಅವ್ರ ಕೈಲೆ ಮಾಡಿಸಾಕತ್ತೀರಲ್ಲ, ಅದಕ ಯಾರ್ ಜವಾಬ ಕೊಡ್ತಾರ?”

ಹೇಳಬೇಕೆಂದು ಬಾಯಿ ತೆರೆದ ದಿನ ಅವ್ವ ಸಂಗಮ್ಮ ಬಂದಳು. ತಲೆಯ ಮೇಲೆ ತವರಿನಿಂದ ತಂದಿದ್ದ ತಾಮ್ರದ ಹಂಡೆ. ಓಣಿಯ ಮನೆಮನೆಗೂ ಅಪ್ಪ ಸುದ್ದಿ ಮುಟ್ಟಿಸಿದ್ದನಂತೆ. ಹೆಂಗಸರು ದಿನಾ ಅಡುಗೆಗೆ ಮುಂಚೆ ಒಂದು ಹಿಡಿ ಜೋಳ, ಒಂದು ಹಿಡಿ ಅಕ್ಕಿ ದಾಸೋಹದ ಗಾಡಿಗೆಂದು ತೆಗೆದಿಡಲು ಶುರುಮಾಡಿದ್ದರಂತೆ. ಹಂಡೆಯನ್ನು ಮೂಲೆಯಲ್ಲಿ ಕೂಡಿಸಲು ಅಪ್ಪ ಕಬ್ಬಿಣದ ಬಳೆ ಮಾಡಿಸಿದ. ಯಾರೋ ಪಾದಯಾತ್ರೆಯವನು ಬಿಸಿಲಲ್ಲಿ ಬಂದು ಇದರಿಂದ ನೀರು ಕುಡಿಯುತ್ತಾನೆ ಎಂದು ಅವ್ವ ಹೇಳುವಾಗ, ನಾನು ಸ್ಕ್ರೂ ಹುಡುಕುವ ನೆಪ ಮಾಡಿ ಶೆಡ್ಡಿನ ಹಿಂದಕ್ಕೆ ಹೋಗಿ ನಿಂತೆ. ಅಷ್ಟು ಹೊತ್ತಿಗೆ ಸುಳ್ಳು ನನ್ನ ಕೈಮೀರಿ ಹೋಗಿತ್ತು. ನಿಜ ಹೇಳಿದರೆ ಅಪ್ಪನೊಬ್ಬನಿಗಲ್ಲ, ಇಡೀ ಓಣಿಗೆ ಹೇಳಬೇಕಿತ್ತು. ಅಷ್ಟು ಎದೆ ನನಗಿರಲಿಲ್ಲ.

ಶಿವರಾತ್ರಿಯ ಮುಂದಿನ ವಾರ ತುಳಜಾರಾಮ ಗಾಡಿ ಒಯ್ಯಲು ಬಂದರು. ಅಪ್ಪ ಇಲ್ಲದ ಹೊತ್ತಿಗೆ ಬನ್ನಿ ಎಂದು ಹೇಳಿದ್ದೆ. ಅವರು ಹೊತ್ತು ತಪ್ಪಿ ಅಪ್ಪ ಇದ್ದಾಗಲೇ ಬಂದರು. ಅಪ್ಪ ಗಾಡಿಗೆ ಪೂಜೆ ಮಾಡಿ, ಬಾಗಿಲ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ಅದೇ ಬೆರಳನ್ನು ತುಳಜಾರಾಮರ ಹಣೆಗೂ ಎಳೆದ.

“ನಿಮ್ಮ ಕೈಲೆ ಸಾವಿರ ಮಂದಿ ಉಣ್ಣಲಿ,” ಎಂದ. “ದೊಡ್ಡ ಮನಸ್ಸು ಮಾಡೀರಿ. ಬಸವ ಜಯಂತಿ ಹೊತ್ತಿಗೆ ನಮ್ಮ ಓಣಿ ಪಾದಯಾತ್ರಿ ಹೊಂಡ್ತದ. ಮೊದಲನೇ ದಾಸೋಹ ನಮ್ಮ ಮಂದಿಗೇ ಆಗಲಿ.”

ತುಳಜಾರಾಮ ನನ್ನತ್ತ ನೋಡಿದರು. ನಾನು ಟಾಯರು ನೋಡಿದೆ. ಅವರು ಶಿಕಾರಿ ಮಾಡುವವರು ಹೌದು, ಆದರೆ ಮುದುಕನ ಎದುರಿಗೆ ಒರಟಾಗುವವರಲ್ಲ. “ಆಗಲ್ರಿ ಅಪ್ಪಾರ,” ಎಂದು ಕೈಮುಗಿದರು.

ಮರುದಿನ ಅವರ ಗಣಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಮೊದಲು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಹಣೆ ಒರೆಸಿಕೊಂಡರು. “ಒಂದಿನದ ಸಲುವಾಗಿ ಒಯ್ಯಿರಿ,” ಎಂದರು. “ಆದ್ರ ಅಪ್ಪಾರಿಗೆ ಖರೇ ಹೇಳ್ರಿ. ಅವ್ರು ಹಣಿಗಿ ವಿಭೂತಿ ಹಚ್ಚಿದ್ದು ನನಗ ಸುಡಾಕತ್ತದ.”

ಆ ಎರಡು ತಿಂಗಳಲ್ಲಿ ಅವರು ಕೊಡಂಬಲದ ಗುಡ್ಡಕ್ಕೆ ನಾಲ್ಕು ಸಲ ಹೋಗಿ ಬಂದಿದ್ದರು. ಪಾದಯಾತ್ರೆಯ ಹಿಂದಿನ ದಿನ ನಾನೂ ಚಾಚಾನೂ ಗಾಡಿ ತೊಳೆಯಲು ಗಣಿಗೆ ಹೋದೆವು. ಚಾಚಾ ಹೊರಗೆ ನಿಂತು ಪೈಪಿನಿಂದ ನೀರು ಬಿಟ್ಟರು, ಪೆಟ್ಟಿಗೆಗೆ ಕೈ ಹಚ್ಚಲಿಲ್ಲ. ನಾನು ಸೋಪಿನ ಪುಡಿ ಹಾಕಿ ಮೂರು ಸಲ ತಿಕ್ಕಿದೆ. ಮೂಲೆಯಲ್ಲಿ ನಾಲ್ಕು ಗಟ್ಟಿ ಕೂದಲು ಅಂಟಿದ್ದವು. ಉಗುರಿನಿಂದ ಕೆರೆದು ತೆಗೆದೆ. ತೊಳೆದಾದ ಮೇಲೆ ಪೆಟ್ಟಿಗೆಯಲ್ಲಿ ಯಾವ ವಾಸನೆಯೂ ಇರಲಿಲ್ಲ, ನನ್ನ ಮೂಗಿನಿಂದ ಮಾತ್ರ ಅದು ಹೋಗಲಿಲ್ಲ.

ರಾಜೇಶ್ವರದ ಹತ್ತಿರ ರಸ್ತೆ ಬದಿಯ ಆಲದ ಕೆಳಗೆ ಗಾಡಿ ನಿಲ್ಲಿಸಿದೆವು. ಬಿಸಿಲು ಕಾದ ಹಂಚು. ನಸುಕಿನಲ್ಲಿ ಹುಮನಾಬಾದ್ ಬಿಟ್ಟ ಇನ್ನೂರು ಜನ ಮಧ್ಯಾಹ್ನಕ್ಕೆ ಬಂದು ಕುಸಿದು ಕೂತರು. ಹುಗ್ಗಿ, ಅನ್ನ, ಸಾರು, ಕೊನೆಗೆ ಬರ್ಫದ ಪೆಟ್ಟಿಗೆಯಿಂದ ತಣ್ಣನೆ ಮಜ್ಜಿಗೆ. ಕುಡಿದವರೆಲ್ಲ ಗಾಡಿಗೆ ಕೈಮುಗಿದರು. ಒಬ್ಬ ಮುದುಕಿ ಗಾಡಿಯ ಗಾಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅಪ್ಪ ಸೌಟು ಹಿಡಿದು ಸಾಲಿನುದ್ದಕ್ಕೂ ಓಡಾಡಿದ. ಎಪ್ಪತ್ತೆರಡು ವರ್ಷದವನು ಅಂದು ಬಾಸಿಂಗ ಕಟ್ಟಿದ ಮದುಮಗನ ಹಾಗಿದ್ದ.

ಕೊನೆಗೆ ನೀಡಿದವರ ಪಂಗತಿ ಕೂತಿತು. ನಮ್ಮಲ್ಲಿ ನೀಡಿದವರು ಕಡೆಗೆ ಕೂತು ಉಂಡರೇ ದಾಸೋಹ ಮುಗಿದಂತೆ. ನನಗೂ ಎಲೆ ಹಾಕಿದರು. ಹೊಟ್ಟೆ ಸರಿಯಿಲ್ಲ ಎಂದು ಹುಗ್ಗಿ ಬಿಟ್ಟೆ. ಮಜ್ಜಿಗೆಯ ಲೋಟ ಬಂತು. ಅದನ್ನು ಕೆಳಗಿಟ್ಟು, ಕೈಮುಗಿದು, ಎದ್ದುಬಿಟ್ಟೆ. ಪೆಟ್ಟಿಗೆಯ ಮೂಲೆಯ ಆ ನಾಲ್ಕು ಕೂದಲು ಕಣ್ಣ ಮುಂದೆ ಬಂದಿದ್ದವು. ಇನ್ನೂರು ಜನಕ್ಕೆ ಕುಡಿಸಿ ನಾನೊಬ್ಬ ಕುಡಿಯಲಾರದೆ ಹೋದೆ.

ಪ್ರಸಾದ ಬೇಡವೆಂದು ಎದ್ದವನನ್ನು ಅಪ್ಪ ತನ್ನ ಜೀವಮಾನದಲ್ಲೇ ಕಂಡಿರಲಿಲ್ಲ. ಸೌಟು ಹಿಡಿದೇ ನನ್ನನ್ನು ನೋಡಿದ. ಲೋಟ ನೋಡಿದ. ಆಮೇಲೆ ಗಾಡಿಯ ಒಳಕ್ಕೆ ಹೋದ. ತೆರೆದ ಬಾಗಿಲಿನಿಂದ ನನಗೆ ಕಾಣುತ್ತಿತ್ತು: ಗೋಡೆಯ ಗೂಡುಗಳ ಮುಂದೆ ನಿಂತು ಗೇಣು ಹಾಕಿ ಆಳ ಅಳೆದ. ತುಳಜಾರಾಮ ಆಮೇಲೆ ಗೂಡಿನೊಳಗೆ ಮೆತ್ತನೆಯ ಹಸಿರು ಬಟ್ಟೆ ಅಂಟಿಸಿದ್ದರು. ಅಪ್ಪ ಅದರ ಮೇಲೆ ಹೆಬ್ಬೆರಳು ಸವರಿದ. ಧ್ವಜದ ಕೋಲಿಗೆ ಮೆತ್ತನೆ ಬಟ್ಟೆ ಬೇಕಾಗುವುದಿಲ್ಲ.

ಹೊರಗೆ ಬಂದು, ನಾನು ಬಿಟ್ಟ ಲೋಟವನ್ನು ಎರಡೂ ಕೈಯಿಂದ ಎತ್ತಿ ನನ್ನ ಮುಂದೆ ಹಿಡಿದ.

“ಎಲ್ಲಾರಿಗೂ ಕೊಟ್ಟೀದಿ. ನೀನೂ ಕುಡಿ.”

ಕುಡಿದೆ. ಅಪ್ಪ ಮತ್ತೇನೂ ಕೇಳಲಿಲ್ಲ. ಅವನಿಗೆ ತಿಳಿದಿಲ್ಲ, ಮುದುಕನ ಕಣ್ಣು, ಹಸಿರು ಬಟ್ಟೆ ಅವನಿಗೇನು ಗೊತ್ತು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಕಲ್ಯಾಣ ಮುಟ್ಟುವ ಹೊತ್ತಿಗೆ ಅದನ್ನು ನಂಬಿಯೂ ಬಿಟ್ಟೆ.

ಮರುವರ್ಷ ಗಾಡಿ ಹೇಗೆ ಕೇಳುವುದು ಎಂದು ಯೋಚಿಸುತ್ತಿದ್ದಾಗ, ಪಾದಯಾತ್ರೆಯ ದಿನ ಬೆಳಿಗ್ಗೆ ಅದು ತಾನೇ ಬಂದು ಆಲದ ಕೆಳಗೆ ನಿಂತಿತ್ತು. ಅದರ ಮುಂದಿನ ವರ್ಷವೂ ಬಂತು. ಪೆಟ್ಟಿಗೆ ಹೊಳೆಯುತ್ತಿತ್ತು, ಅವ್ವನ ಹಂಡೆ ಹೊಸದರಂತಿತ್ತು. ತುಳಜಾರಾಮರ ಆಳುಗಳು ತೊಳೆಯುತ್ತಾರೆ ಎಂದುಕೊಂಡು ನಾನು ಹಗುರಾದೆ. ಅಪ್ಪ ಪ್ರತಿವರ್ಷ ಪಂಗತಿಯಲ್ಲಿ ನನಗೇ ಮೊದಲು ನೀಡುತ್ತಿದ್ದ. ನಾನು ತಲೆ ಎತ್ತದೆ ಉಣ್ಣುತ್ತಿದ್ದೆ. ಪಾದಯಾತ್ರೆಯ ಹಿಂದಿನ ದಿನ ಮಾತ್ರ ಅವನು ಕೊಹಿನೂರು ಎಂಬ ಊರಿನಲ್ಲಿದ್ದ ತನ್ನ ತಂಗಿಯನ್ನು ನೋಡಿಕೊಂಡು ಬರುತ್ತೇನೆಂದು ನಸುಕಿನ ಬಸ್ಸು ಹತ್ತಿ, ದೀಪ ಹಚ್ಚುವ ಹೊತ್ತಿಗೆ ಮೊಣಕಾಲು ಹಿಡಿದುಕೊಂಡು ಬರುತ್ತಿದ್ದ. “ಈ ಬಿಸಲಾಗ ಯಾಕ ತಿರಗ್ತೀರಿ?” ಎಂದು ನಾನು ಬೈಯುತ್ತಿದ್ದೆ. ಬೈಯಲು ನನಗೆ ಬಾಯಿ ಇತ್ತು.

ಚಾಚಾ ಕೇಳುವುದನ್ನು ಬಿಟ್ಟುಬಿಟ್ಟಿದ್ದರು. ಕೇಳುತ್ತಿದ್ದುದಕ್ಕಿಂತ ಅದೇ ಹೆಚ್ಚು ಚುಚ್ಚುತ್ತಿತ್ತು.

ಎರಡು ಸಾವಿರದ ನಾಲ್ಕರ ಕಾರ್ತಿಕದಲ್ಲಿ ಅಪ್ಪ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಅವ್ವ ನೀರು ತರಲು ಹೋದಾಗ ನನ್ನ ಮಣಿಕಟ್ಟು ಹಿಡಿದು ಕೇಳಿದ: “ಕುಮಾರ, ಏನರ ಹೇಳೋದದ ಏನು?”

ಅದಕ್ಕಿಂತ ಸರಳವಾಗಿ ಯಾರೂ ಯಾರನ್ನೂ ಕೇಳಲಾರರು. ಹೋಗುವ ಜೀವಕ್ಕೆ ನೋವು ಯಾಕೆ ಎಂದು ನೆಪ ಹುಡುಕಿದೆ. ನೆಪ ಅಪ್ಪನದು, ಹೆದರಿಕೆ ನನ್ನದು.

“ಏನಿಲ್ರಿ ಅಪ್ಪಾ,” ಎಂದೆ.

“ಆಗಲಿ,” ಎಂದು ಕೈ ಬಿಟ್ಟ. ಮೂರು ದಿನಕ್ಕೆ ಹೋದ.

ಮರುವರ್ಷ ಬಸವ ಜಯಂತಿಗೆ ವಾರವಿರುವಾಗ ತುಳಜಾರಾಮ ಕಾರ್ಖಾನೆಗೆ ಬಂದರು. ಬೇವಿನ ಕೆಳಗೆ ಕೂತು, ಚಹಾ ಮುಗಿಸಿ ಕೇಳಿದರು.

“ಈ ವರ್ಷ ಗಾಡಿ ತೊಳಿಯಾಕ ಯಾರ್ ಬರ್ತೀರಿ?”

“ಅಂದ್ರ? ನಿಮ್ಮ ಆಳು ತೊಳೀತಾರಲ್ರಿ.”

ಅವರು ಖಾಲಿ ಲೋಟ ಕೆಳಗಿಟ್ಟರು. “ಖರೇನ ಗೊತ್ತಿಲ್ಲೇನ್ರಿ ನಿಮಗ? ಅಪ್ಪಾರು ಬರ್ತಿದ್ರು. ಪ್ರತಿ ವರ್ಷ, ಹಿಂದಿನ ದಿನಾ. ಗಂಟಿನ್ಯಾಗ ಬೂದಿ, ಹುಣಸಿಹಣ್ಣು ಕಟಗೊಂಡು. ಇಡೀ ದಿನಾ ಗಾಡಿಯೊಳಗ ಮೊಣಕಾಲೂರಿ ಪೆಟಗಿ ತಿಕ್ಕೋರು, ಕೊಕ್ಕಿ ತಿಕ್ಕೋರು, ಹಂಡೆ ಬೆಳಗೋರು. ನಮ್ಮ ಆಳು ಮಾಡ್ತಾರ ಬಿಡ್ರಿ ಅಂದ್ರ ಕೇಳ್ತಿರಲಿಲ್ಲ. ನಿಮಗ ಹೇಳಬ್ಯಾಡ ಅಂದಿದ್ರು.”

ಕೊಹಿನೂರಿನ ಅತ್ತೆಯನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ತಿಳಿಯುತ್ತಿತ್ತು. ನಾನು ಕೇಳಿರಲಿಲ್ಲ.

“ಮೊದಲನೇ ಸಲ ಬಂದಾಗ ನಾನೇ ಕಾಲು ಹಿಡದೆ,” ಎಂದರು ತುಳಜಾರಾಮ. “ಅಪ್ಪಾರ, ಇದು ಶಿಕಾರಿ ಗಾಡಿ, ನಿಮ್ಮ ಮಗ ನಿಮಗ ಸುಳ್ಳ ಹೇಳ್ಯಾನ ಅಂದೆ. ಗೊತ್ತದ ಅಂದ್ರು. ಮತ್ತ ಯಾಕ ತೊಳೀತೀರಿ ಅಂದೆ.”

“ಏನಂದ್ರು?”

“ನನ್ನ ಮಗ ದಾಸೋಹದ ಗಾಡಿ ಅಂದಾನ. ವರ್ಷದಾಗ ಒಂದಿನಾರ ಅವನ ಮಾತು ಖರೇ ಆಗ್ಲಿ ಅಂದ್ರು.”

ಪಾದಯಾತ್ರೆಯ ಹಿಂದಿನ ದಿನ ಗಣಿಗೆ ಹೋದೆ. ಅವ್ವನಿಂದ ಬೂದಿ, ಹುಣಸೆಹಣ್ಣು ಕೇಳಿದಾಗ ಅವಳು ಯಾಕೆಂದು ಕೇಳದೆ ಒಂದು ಹಳೆಯ ಚೌಕ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಗಂಟು ಹಾಕಿ ಹಾಕಿ ಆ ಬಟ್ಟೆಯ ತುದಿ ಸವೆದಿತ್ತು. ಚಾಚಾ ಬರುತ್ತೇನೆಂದರು, ಬೇಡವೆಂದೆ. ಗಾಡಿಯೊಳಗೆ ಮೊಣಕಾಲೂರಿ ಕೂತೆ. ನೆಲದ ಹಲಗೆಯಲ್ಲಿ, ಪೆಟ್ಟಿಗೆಯ ಮುಂದೆ, ಒಂದು ಕಡೆ ಬಣ್ಣ ಹೋಗಿ ಮರ ಕಾಣುತ್ತಿತ್ತು. ನನ್ನ ಮೊಣಕಾಲು ಸರಿಯಾಗಿ ಅಲ್ಲೇ ಕೂತವು.

ಅಲ್ಲಿ ಯಾರೂ ಇರಲಿಲ್ಲ. “ಅಪ್ಪಾ, ಇದು ಶಿಕಾರಿ ಗಾಡಿ ಅದರಿ,” ಎಂದೆ, ಬಾಯಿಬಿಟ್ಟು. ಅಂದು ಕಾರ್ಖಾನೆಯಲ್ಲಿ ಹೇಳಬೇಕಿದ್ದ ಮಾತು ಅಷ್ಟೇ ಇತ್ತು. ಆಮೇಲೆ ಸಾಕಾಗುವಷ್ಟು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ತಂಬಿಗೆ ನೀರು ಸುರಿದೆ. ಅದು ಎಲ್ಲೂ ನಿಲ್ಲದೆ ತೂತಿನತ್ತ ಹರಿಯಿತು. ಪೆಟ್ಟಿಗೆಯ ಮೂಲೆಗಳು ಬಾಕಿ ಇದ್ದವು. ಬೂದಿ ಹಚ್ಚಿ ತಿಕ್ಕಲು ಶುರುಮಾಡಿದೆ.